ಅಜ್ಜಿಯ ಮುಖ, ಮೊಮ್ಮಗನ ಪಾಸ್‌ವರ್ಡ್

ಯೂಟ್ಯೂಬ್ ಚಾನೆಲ್ಲಿನ ಗಳಿಕೆ 10 ಡಾಲರ್ ಮುಟ್ಟಿತೆಂದರೆ ಗೂಗಲ್ ಕಂಪನಿ ಒಂದು ಕಾಗದ ಹಾಕುತ್ತದೆ. ಅಂಚೆಯಣ್ಣನ ಚೀಲದಲ್ಲೇ ಬರುವ ಕಾಗದ ಅದು. ಅಂಚು ಹರಿದು ಬಿಡಿಸಿದರೆ ಒಳಗೆ ಆರಂಕಿಯ ಪಿನ್ ಇರುತ್ತದೆ. ಅದನ್ನು ಖಾತೆಯಲ್ಲಿ ತುಂಬಿ ವಿಳಾಸ ಖಾತ್ರಿಪಡಿಸಿದ ಮೇಲೆಯೇ ದುಡ್ಡಿನ ಮಾತು; ಮೊತ್ತ 100 ಡಾಲರ್ ದಾಟಿದರೆ ಬ್ಯಾಂಕಿಗೆ ಜಮೆ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರಿಗೆ ಇಂಥದೊಂದು ಕಾಗದ ಬಂತೆಂದುಕೊಳ್ಳಿ. ವೀಡಿಯೊದಲ್ಲಿ ಒಲೆ ಮುಂದೆ ಕೂತವಳು ಎಪ್ಪತ್ತು ದಾಟಿದ ಅಜ್ಜಿ. ಕಾಗದದ ಮೇಲೆ ಯಾರ ಹೆಸರಿರುತ್ತದೆ?

ವಯಸ್ಸಾದವರು ಮತ್ತು ಇಂಟರ್‌ನೆಟ್ ಎಂದಕೂಡಲೇ ನಮ್ಮಲ್ಲಿ ಎರಡು ಬಗೆಯ ಬರಹ ಬರುತ್ತದೆ. ಒಂದರಲ್ಲಿ ಅಜ್ಜಿ ಮೊಬೈಲ್ ಹಿಡಿದಳೆಂದು ಚಪ್ಪಾಳೆ. ಇನ್ನೊಂದರಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಠೇವಣಿ ದೋಚಿದ ಕಥೆ, ಕೊನೆಗೆ 1930 ಸಹಾಯವಾಣಿಯ ಸಂಖ್ಯೆ. ಎರಡೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಎರಡರಲ್ಲೂ ಮುದುಕರು ದುಡಿಯುತ್ತಿದ್ದಾರೆ ಎಂಬ ಮಾತೇ ಇಲ್ಲ. ಅಡುಗೆ ಮಾಡಿ ತೋರಿಸುವುದು, ಹಾಡುವುದು, ಹಳೆಯದನ್ನು ನೆನೆದು ಹೇಳುವುದು, ಯಂತ್ರಕ್ಕೆ ಕನ್ನಡ ಕಲಿಸಲು ದನಿ ಕೊಡುವುದು, ಇವೆಲ್ಲ ಇವತ್ತು ಬೆಲೆಯುಳ್ಳ ಕೆಲಸ. ಕೆಲಸ ಎಂದಮೇಲೆ ಕೂಲಿ ಯಾರ ಕೈ ಸೇರುತ್ತದೆ ಎಂದು ಕೇಳಬೇಕಾಗುತ್ತದೆ.

ಈ ಕಥೆ ಶುರುವಾದದ್ದು ಬೇರೆ ರೀತಿಯಲ್ಲಿ. 2006ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಪೀಟರ್ ಓಕ್ಲಿ ಎಂಬ ವಿಧುರ ಮುದುಕ ತನ್ನ ಕಂಪ್ಯೂಟರ್ ಮುಂದೆ ತಾನೇ ಕೂತು, ತಾನೇ ರೆಕಾರ್ಡ್ ಮಾಡಿ, ತನ್ನ ಬದುಕಿನ ಕಥೆ ಹೇಳತೊಡಗಿದ. 1927ರಲ್ಲಿ ಹುಟ್ಟಿದವನಾದ್ದರಿಂದ ಖಾತೆಯ ಹೆಸರಲ್ಲೂ ಆ ಇಸವಿಯೇ ಇತ್ತು. ಆ ವರ್ಷ ಕೆಲಕಾಲ ಯೂಟ್ಯೂಬಿನಲ್ಲಿ ಅತಿ ಹೆಚ್ಚು ಚಂದಾದಾರರಿದ್ದದ್ದು ಅವನಿಗೇ. ಮುಖ, ಮಾತು, ಪಾಸ್‌ವರ್ಡ್ ಮೂರೂ ಒಬ್ಬನವೇ ಆಗಿದ್ದ ಕಾಲ ಅದು. ಮುಂದೆ ಆ ಮೂರು ಬೇರೆಬೇರೆಯಾದವು. ದಕ್ಷಿಣ ಕೊರಿಯಾದ ಪಾರ್ಕ್ ಮಕ್ರೆ ಎಂಬ ಅಜ್ಜಿಯ ಚಾನೆಲನ್ನು 2017ರಲ್ಲಿ ಶುರುಮಾಡಿದ್ದು ಮೊಮ್ಮಗಳು. ಅಜ್ಜಿಗೆ ಮರೆವಿನ ಕಾಯಿಲೆ ಬರಬಹುದೆಂದು ಡಾಕ್ಟರು ಹೇಳಿದ್ದಕ್ಕೆ ಆ ಹುಡುಗಿ ಕೆಲಸ ಬಿಟ್ಟು ಅಜ್ಜಿಯನ್ನು ಕಟ್ಟಿಕೊಂಡು ಆಸ್ಟ್ರೇಲಿಯಾ ಪ್ರವಾಸ ಹೋದಳು. ಅಲ್ಲಿ ತೆಗೆದ ವೀಡಿಯೊವೇ ಮೊದಲನೆಯದು.

ನಮ್ಮ ನೆರೆಯಲ್ಲೂ ಹೀಗೇ. ಆಂಧ್ರದ ಗುಡಿವಾಡದ ಮಸ್ತಾನಮ್ಮ ನೂರು ದಾಟಿದ ಮೇಲೆ ಬಯಲಲ್ಲಿ ಒಲೆ ಹೂಡಿ ಕಲ್ಲಂಗಡಿಯೊಳಗೆ ಕೋಳಿ ಬೇಯಿಸಿ ಜಗತ್ತಿಗೆಲ್ಲ ಹೆಸರಾದರು. ಚಾನೆಲ್ ನಡೆಸುತ್ತಿದ್ದವರು ಮರಿಮೊಮ್ಮಗ ಮತ್ತು ಅವನ ಗೆಳೆಯ. 2018ರ ಡಿಸೆಂಬರಿನಲ್ಲಿ, 107ನೆಯ ವಯಸ್ಸೆಂದು ಹೇಳುವ ಹೊತ್ತಿಗೆ ಅಜ್ಜಿ ತೀರಿಕೊಂಡಾಗ ಚಂದಾದಾರರು 12 ಲಕ್ಷ ದಾಟಿದ್ದರು. ತೆಲಂಗಾಣದ ನಾರಾಯಣ ರೆಡ್ಡಿ ‘ಗ್ರ್ಯಾಂಡ್‌ಪಾ ಕಿಚನ್’ನಲ್ಲಿ ರಾಶಿರಾಶಿ ಬೇಯಿಸಿ ಅನಾಥ ಮಕ್ಕಳಿಗೆ ಬಡಿಸುತ್ತಿದ್ದರು, 2019ರ ಅಕ್ಟೋಬರಿನಲ್ಲಿ ಅವರು ಹೋದರೂ ಚಾನೆಲ್ ನಿಲ್ಲಲಿಲ್ಲ. ಪುದುಕ್ಕೋಟೆ ಜಿಲ್ಲೆಯ ಪೆರಿಯತಂಬಿ ತಾತ ಮೊಮ್ಮಕ್ಕಳ ಜೊತೆ ಸೇರಿದ ‘ವಿಲೇಜ್ ಕುಕಿಂಗ್ ಚಾನೆಲ್’ 2021ರಲ್ಲಿ ಒಂದು ಕೋಟಿ ಚಂದಾದಾರರನ್ನು ಮುಟ್ಟಿತು. ‘ಮೈ ವಿಲೇಜ್ ಷೋ’ದ ಗಂಗವ್ವ 2020ರಲ್ಲಿ ತೆಲುಗು ಬಿಗ್ ಬಾಸ್ ಮನೆಗೇ ಹೋಗಿಬಂದರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗದೆ ಇದ್ದಿದ್ದರೆ ಇವರು ಯಾರೂ ನಮಗೆ ಕಾಣುತ್ತಿರಲಿಲ್ಲ. ಕನ್ನಡದಲ್ಲಿ ಅಷ್ಟು ದೊಡ್ಡ ಅಜ್ಜಿ, ಅಷ್ಟು ದೊಡ್ಡ ತಾತ ಬರಲಿಲ್ಲ. ಏಕೆಂದು ನನ್ನನ್ನು ಕೇಳಿದರೆ, ಮಾತಿಲ್ಲದ ವೀಡಿಯೊ ಭಾಷೆಯ ಗಡಿ ದಾಟುತ್ತದೆ, ನಮ್ಮವರಿಗೆ ಮಾತು ಹೆಚ್ಚು. ಅದೊಂದು ದೋಷವೆಂದು ನಾನು ಒಪ್ಪುವುದಿಲ್ಲ.

ಗುಂಡ್ಲುಪೇಟೆ ಸೀಮೆಗೆ ಕ್ಯಾಮೆರಾ ಹೊಸದಲ್ಲ. ಮೈಸೂರಿನಿಂದ ಗುಂಡ್ಲುಪೇಟೆ ಹಾದು ಕೇರಳಕ್ಕೆ ಹೋಗುವ 766ನೇ ಹೆದ್ದಾರಿಯ ಅಕ್ಕಪಕ್ಕ ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂವು ಅರಳಿದರೆ ಕಾರುಗಳು ಸಾಲುಗಟ್ಟುತ್ತವೆ. ಕೇರಳದ ಕಡೆಯಿಂದ ಬಂದವರು ಹೂವಿನ ನಡುವೆ ನಿಂತು ರೀಲ್ಸ್ ಮಾಡುತ್ತಾರೆ, ಗಿಡ ತುಳಿಯುತ್ತಾರೆ. ತುಳಿದದ್ದು ಸಾಕಾಗಿ ರೈತರು ಹೊಲದ ಬದುವಿನಲ್ಲಿ ಕೂತು ತಲೆಗಿಷ್ಟು ಎಂದು ವಸೂಲಿ ಶುರುಮಾಡಿದರು. ಹೆಂಗಸರೂ ಮುದುಕರೂ ದೊಣ್ಣೆ ಹಿಡಿದು ಬದು ಕಾಯುವುದುಂಟು. ಚಂದಾದಾರರಿಲ್ಲ, ಆಲ್ಗಾರಿದಮ್ ಇಲ್ಲ, ಹತ್ತಿಪ್ಪತ್ತು ರೂಪಾಯಿ ಅಲ್ಲೇ ಕೈಗೆ. ಇಡೀ ಡಿಜಿಟಲ್ ಉದ್ಯಮದಲ್ಲಿ ಮುದುಕರ ಮಟ್ಟಿಗೆ ಇಷ್ಟು ಸರಳವಾದ ಲೆಕ್ಕ ಇನ್ನೊಂದಿಲ್ಲ.

ಮನೆಯೊಳಗಿನ ಲೆಕ್ಕ ತೊಡಕಿನದು. ಈ ಸೀಮೆಯ ಅಡುಗೆ ವೀಡಿಯೊಗಳ ಬಂಡವಾಳವೆಲ್ಲ ಅಜ್ಜಿಯರ ಕೈಯಲ್ಲಿದೆ: ಉಪ್ಪೆಸರು, ಬಸ್ಸಾರು, ಮಸ್ಸೊಪ್ಪು, ಹುರುಳಿಕಟ್ಟಿನ ಸಾರು, ಹಿತಕಿದವರೆ, ನಾಟಿಕೋಳಿ, ಕೋಲು ಹಾಕಿ ತಿರುವಿದ ಮುದ್ದೆ. ಅಳತೆ ಚಮಚದ್ದಲ್ಲ, ಹಿಡಿಯದು. ನೋಡುವವರಿಗೆ ಬೇಕಿರುವುದೂ ಆ ಹಿಡಿಯೇ. ಚಿತ್ರೀಕರಣ ಎಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸೌದೆ ಒಲೆಯ ಹೊಗೆಗೆ ಮೊಬೈಲಿನ ಫೋಕಸ್ ನಿಲ್ಲುವುದಿಲ್ಲ. ಬೆಳಕಿಗೆಂದು ಒಲೆಯನ್ನು ಹಿತ್ತಿಲಿಗೆ ತಂದರೆ ಗಾಳಿಗೆ ಉರಿ ಚದುರುತ್ತದೆ. ಒಂದು ಪದಾರ್ಥ ಮಡಕೆಗೆ ಬೀಳುವುದನ್ನು ಮೇಲಿಂದೊಮ್ಮೆ, ಪಕ್ಕದಿಂದೊಮ್ಮೆ, ಹತ್ತಿರದಿಂದೊಮ್ಮೆ ತೆಗೆಯಬೇಕು. “ಅಜ್ಜಿ, ಕ್ಯಾಮ್ರ ನೋಡ್ಬೇಡ, ಮಡಕ ನೋಡು, ಇನ್ನೊಂದ್ಸಲ ಉಪ್ಪಾಕು” ಅನ್ನುತ್ತಾನೆ ಹುಡುಗ. “ಎಷ್ಟ್ ಸಲ ಉಪ್ಪಾಕದು ಕಲಾ, ಉಪ್ಪುಪ್ಪಾಗ್ಬುಡ್ತದ” ಅನ್ನುತ್ತದೆ ಮುದುಕಿ. ಮೊಣಕಾಲು ಮಡಚಿ ಕೂತೇ ಅರ್ಧ ದಿನ. ಉಳಿದಂತೆ ಅವಳದೇ ನಿತ್ಯದ ಅಡುಗೆ, ಅವಳದೇ ಕಣ್ಣೀರು ತರಿಸುವ ಹೊಗೆ. ಸಂಜೆ ಹುಡುಗ ಎಡಿಟ್ ಮಾಡಲು ಕೂರುತ್ತಾನೆ. ಅವನದೂ ಸಣ್ಣ ಕೆಲಸವಲ್ಲ. ಕತ್ತರಿಸಬೇಕು, ಸದ್ದು ಸರಿಪಡಿಸಬೇಕು, ಮುಖಚಿತ್ರ ಮಾಡಬೇಕು, ಕೆಳಗೆ ಬರುವ ಕೊಳಕು ಮಾತು ಅಳಿಸಬೇಕು.

ಹಣ ಬರುವ ಮಟ್ಟಕ್ಕೆ ಚಾನೆಲ್ ಏರುವುದೂ ಸುಲಭವಲ್ಲ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಇರಬೇಕು. ಜೊತೆಗೆ ಒಂದು ವರ್ಷದೊಳಗೆ ಜನ 4,000 ಗಂಟೆ ನೋಡಿರಬೇಕು, ಇಲ್ಲವೆ ಶಾರ್ಟ್ಸ್‌ಗಳಿಗೆ 90 ದಿನದಲ್ಲಿ ಒಂದು ಕೋಟಿ ನೋಟ ಬಿದ್ದಿರಬೇಕು. ಉದ್ದ ವೀಡಿಯೊದ ಜಾಹೀರಾತಿನಲ್ಲಿ ಚಾನೆಲ್‌ಗೆ ಶೇ 55, ಶಾರ್ಟ್ಸ್‌ನಲ್ಲಿ ಶೇ 45. ಕಂಪನಿ ಮತ್ತು ಚಾನೆಲ್ ನಡುವಿನ ಪಾಲು ಹೀಗೆ ದಶಮಾಂಶದವರೆಗೆ ಬರೆದಿಟ್ಟದ್ದು. ಚಾನೆಲ್‌ನೊಳಗೆ ಅಜ್ಜಿಗೆಷ್ಟು, ಮೊಮ್ಮಗನಿಗೆಷ್ಟು ಎಂಬುದು ಎಲ್ಲೂ ಬರೆದಿಲ್ಲ. “ಎಲ್ಲಾ ಒಂದೇ ಮನೆ ಅಲ್ವಾ” ಎಂಬುದು ಉತ್ತರ. ಮನೆ ಒಂದೇ ಆಗಿರುವಷ್ಟು ದಿನ ಅದು ಸರಿ. ಪಾಲಾದ ಮೇಲೆ ಚಾನೆಲ್ ಯಾರ ಪಾಲಿಗೆ?

ಖಾತೆಗೆ ಅಜ್ಜಿಯ ಹೆಸರು ಹಾಕದಿರಲು ಇನ್ನೊಂದು ಕಾರಣವಿದೆ. ಅದನ್ನು ದುರಾಸೆ ಎಂದು ತಳ್ಳಿಹಾಕಲಾಗದು. ಅಜ್ಜಿಗೆ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿರುತ್ತದೆ. ಅದಕ್ಕೆ ಆದಾಯದ ಮಿತಿಯುಂಟು. ಬಿಪಿಎಲ್ ಕಾರ್ಡಿಗೂ ಉಂಟು. ಡಾಲರಿನಲ್ಲಿ ಬಂದ ದುಡ್ಡು ಅವಳ ಖಾತೆಗೆ ಬಿದ್ದು, ಪ್ಯಾನ್ ಕಾರ್ಡ್ ಮಾಡಿಸಿ, ತೆರಿಗೆ ವಿವರ ಸಲ್ಲಿಸುವಂತಾದರೆ ಪಿಂಚಣಿಯೂ ಅಕ್ಕಿಯೂ ಹೋದೀತೆಂಬ ಭಯ. ಒಂದು ತಿಂಗಳು ಬಂದು ಮೂರು ತಿಂಗಳು ಬರದಿರುವ ಯೂಟ್ಯೂಬ್ ಕಾಸಿಗಾಗಿ ಪ್ರತಿ ತಿಂಗಳು ಬರುವ ಪಿಂಚಣಿಯನ್ನು ಪಣಕ್ಕಿಡಲು ಯಾವ ಮುದುಕಿಯೂ ಒಪ್ಪಲಾರಳು. ಆದ್ದರಿಂದ ಅವಳೇ “ನಿನ್ನೆಸ್ರಲ್ಲೇ ಇರ್ಲಿ ಬುಡು” ಅಂದಿರುವ ಸಾಧ್ಯತೆಯೂ ಇದೆ. ಸರ್ಕಾರದ ನಿಯಮವೇ ಮುದುಕರನ್ನು ಅವರ ದುಡಿಮೆಯ ಲೆಕ್ಕದಿಂದ ಹೊರಗಿಡುತ್ತಿದೆ.

ಅಡುಗೆಯಿಂದ ಹಾಡಿಗೆ ಬಂದರೆ ಚಾಮರಾಜನಗರ ಜಿಲ್ಲೆಯ ಸ್ಥಿತಿ ಬೇರೆಲ್ಲಕ್ಕಿಂತ ಗಂಭೀರ. ಮಲೆಯ ಮಾದೇಶ್ವರ, ಮಂಟೇಸ್ವಾಮಿ ಎಂಬ ಎರಡು ಮಹಾಕಾವ್ಯಗಳು ಬದುಕಿರುವುದು ಈ ಸೀಮೆಯ ಬಾಯಲ್ಲಿ. ಕಂಸಾಳೆಯ ದೇವರಗುಡ್ಡರು, ತಂಬೂರಿ ಗಗ್ಗರ ಹಿಡಿದ ನೀಲಗಾರರು ದೀಕ್ಷೆ ಪಡೆದು, ಗುರುವಿನ ಹಿಂದೆ ವರ್ಷಗಟ್ಟಲೆ ತಿರುಗಿ ಕಲಿತ ಕಾವ್ಯ. ಪಿ.ಕೆ. ರಾಜಶೇಖರ, ಜೀ.ಶಂ. ಪರಮಶಿವಯ್ಯ, ಹಿ.ಚಿ. ಬೋರಲಿಂಗಯ್ಯ ಮೊದಲಾದವರು ಇದರ ಮೇಲೆ ದುಡಿದು ಬಹುಪಾಲನ್ನು ಅಚ್ಚಿಗೆ ತಂದರು. ಆದರೆ ಅಚ್ಚಿನಲ್ಲಿ ದನಿ ಇಲ್ಲ. ದನಿ ಇರುವುದು ಅರುವತ್ತು ದಾಟಿದ ಹಾಡುಗಾರರ ಕೊರಳಲ್ಲಿ. ಒಂದು ‘ಸಂಕಮ್ಮನ ಸಾಲು’ ಬಿಚ್ಚಿ ಹಾಡಲು ರಾತ್ರಿಯೇ ಬೇಕು. ಶಾರ್ಟ್ಸ್‌ಗೆ ಮೊದಲಿದ್ದ ಮಿತಿ ಒಂದು ನಿಮಿಷ. 2024ರ ಅಕ್ಟೋಬರಿನಿಂದ ಮೂರು ನಿಮಿಷ. ಮೂರು ನಿಮಿಷದಲ್ಲಿ ತಂಬೂರಿಯ ಶ್ರುತಿಯೂ ಕೂಡಲಾರದು. ಹೀಗಾಗಿ ಹರಿದಾಡುವುದು ಪಲ್ಲವಿ ಮತ್ತು ಕಂಸಾಳೆಯ ಕುಣಿತ. ಕಥೆ ಹಿಂದೆ ಬೀಳುತ್ತದೆ. ಉದ್ದದ ರೆಕಾರ್ಡಿಂಗ್ ಇಲ್ಲವೆಂದಲ್ಲ, ಇವೆ. ಮಲವಳ್ಳಿ ಮಹದೇವಸ್ವಾಮಿಯವರ ಕಥೆಗಳನ್ನು ಕ್ಯಾಸೆಟ್ಟಿನ ಕಾಲದಲ್ಲಿ ಕೇಳಿದವರು ಈಗ ಮೊಬೈಲಿನಲ್ಲಿ ಹಚ್ಚಿಕೊಂಡು ಗದ್ದೆ ಕೆಲಸ ಮಾಡುತ್ತಾರೆ. ಆ ಕೇಳುವಿಕೆಯ ಗಂಟೆಗಳು ಜಮೆಯಾಗುವುದು ಧ್ವನಿಮುದ್ರಣದ ಹಕ್ಕು ಯಾರ ಬಳಿ ಇದೆಯೋ ಅವರಿಗೆ.

ಇಲ್ಲೊಂದು ಕಾನೂನು ಇದೆ, ಹಾಡುಗಾರರಿಗೆ ಹೇಳುವವರಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನ ಪ್ರಕಾರ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಅದು 50 ವರ್ಷ ಬಾಳುತ್ತದೆ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿತು. ಕಾವ್ಯ ಯಾರದೂ ಅಲ್ಲ, ಎಲ್ಲರದು ಎಂಬುದು ನಿಜ. ಹಾಡಿದ ಆ ರಾತ್ರಿ ಮಾತ್ರ ಹಾಡಿದವನದು. ಜಾತ್ರೆಯಲ್ಲಿ ಮೂರು ಮೊಬೈಲು ಎತ್ತಿ ಹಿಡಿದವರು ಮೂರು ಚಾನೆಲಿಗೆ ಏರಿಸುತ್ತಾರೆ, ಹಾಡುಗಾರನ ಹೆಸರು ಒಂದರಲ್ಲೂ ಇರುವುದಿಲ್ಲ. ಕೆಲವು ಸಲ ಇನ್ನೂ ವಿಚಿತ್ರ: ಮುದುಕ ತನ್ನದೇ ಹಳೆಯ ಹಾಡನ್ನು ಮಗನ ಚಾನೆಲ್ಲಿನಲ್ಲಿ ಹಾಕಿದರೆ ಕ್ಯಾಸೆಟ್ ಹಕ್ಕಿನವರಿಂದ ಕಾಪಿರೈಟ್ ಕ್ಲೇಮ್ ಬರಬಹುದು. ಆ ದನಿ ಯಾರ ಕೊರಳಿನದು ಎಂದು ಯಂತ್ರ ಕೇಳುವುದಿಲ್ಲ. ಯಾರು ನೋಂದಾಯಿಸಿದ್ದಾರೆಂದು ನೋಡುತ್ತದೆ.

ಹಾಗಾದರೆ ಕನ್ನಡದಲ್ಲಿ ಮುಖವೂ ಪಾಸ್‌ವರ್ಡೂ ತಮ್ಮದೇ ಆಗಿರುವ ಹಿರಿಯರು ಇಲ್ಲವೆ? ಇದ್ದಾರೆ, ಮತ್ತು ಅವರು ಯಾರೆಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ಗುರುರಾಜ ಕರಜಗಿಯವರ ಉಪನ್ಯಾಸಗಳನ್ನು ಲಕ್ಷಗಟ್ಟಲೆ ಜನ ಕೇಳುತ್ತಾರೆ. ನಿವೃತ್ತ ಪೊಲೀಸ್ ಅಧಿಕಾರಿ ಎಸ್.ಕೆ. ಉಮೇಶ್ ತಮ್ಮದೇ ಚಾನೆಲ್ಲಿನಲ್ಲಿ ಹಳೆಯ ಪ್ರಕರಣಗಳನ್ನು ಬಿಚ್ಚಿಡುತ್ತಾರೆ. ಇನ್ನೊಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಬಿ.ಬಿ. ಅಶೋಕ್ ಕುಮಾರ್, ಪಾಸ್‌ವರ್ಡ್ ಬೇರೆಯವರದಾದರೂ ತಮ್ಮದೇ ಹೆಸರಿನಲ್ಲಿ, ‘ಕಲಾಮಾಧ್ಯಮ’ ಚಾನೆಲ್ಲಿನಲ್ಲಿ ಕಂತುಕಂತಾಗಿ ನೆನಪು ಹೇಳಿದಾಗ ಜನ ಧಾರಾವಾಹಿಯಂತೆ ಕಾದು ನೋಡಿದರು. ಅಧ್ಯಾಪಕರು, ಅಧಿಕಾರಿಗಳು, ವೈದ್ಯರು, ಅಂದರೆ ಪಿಂಚಣಿಯುಳ್ಳವರು. ಕಚೇರಿಯಲ್ಲಿ ಸಹಿ ಹಾಕಿ ರೂಢಿಯಿದ್ದವರಿಗೆ ಚಾನೆಲ್ಲಿನ ಸಹಿಯೂ ಒಗ್ಗಿತು.

ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಗೋಪಿನಾಥಂ ಇದೆ, ವೀರಪ್ಪನ್ ಹುಟ್ಟಿದೂರು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆಯಾದದ್ದು ಆ ಕಾಡಿನಲ್ಲೇ. ಆ ಕಾಲವನ್ನು ಮೈಮೇಲೆ ಹಾದುಹೋಗಗೊಟ್ಟವರು ಊರಿನ ಮುದುಕರು: ಒಂದು ಕಡೆ ವೀರಪ್ಪನ್‌ನ ಭಯ, ಇನ್ನೊಂದು ಕಡೆ ಕಾರ್ಯಪಡೆಯ ಭಯ. ಅಲ್ಲಿಗೆ ಮೈಕ್ ಹಿಡಿದು ಹೋಗುವ ಯೂಟ್ಯೂಬರುಗಳು ಅವರ ಬಾಯಿ ಬಿಡಿಸಿ ಬರುತ್ತಾರೆ. ವೀರಪ್ಪನ್‌ನನ್ನು ಕುರಿತ ನೆನಪು ಅಧಿಕಾರಿ ಹೇಳಿದರೆ ಅದು ಅವರ ಸಂಚಿಕೆ. ಹಳ್ಳಿಯವರು ಹೇಳಿದರೆ ಯೂಟ್ಯೂಬರನ ಸಂಚಿಕೆ. ಒಂದೇ ಘಟನೆ, ಒಂದೇ ವಯಸ್ಸು, ದಾಖಲಾಗುವ ಹೆಸರು ಮಾತ್ರ ಬೇರೆ.

ಗಾಜನೂರಿನ ನಾಗಮ್ಮನವರ ಪ್ರಸಂಗ ಇನ್ನೂ ನಾಜೂಕಿನದು. ಚಾಮರಾಜನಗರಕ್ಕೆ ಕೂಗಳತೆಯ, ತಮಿಳುನಾಡಿನ ತಾಳವಾಡಿ ಕಡೆಯ ಕನ್ನಡದೂರು ಅದು. ಡಾ. ರಾಜ್‌ಕುಮಾರ್ ಅವರ ಈ ತಂಗಿಗೆ 2021ರ ಅಕ್ಟೋಬರ್ 29ರಂದು ಅಣ್ಣನ ಮಗ ಪುನೀತ್ (ಅಪ್ಪು) ತೀರಿಕೊಂಡ ಸುದ್ದಿಯನ್ನು ಮನೆಯವರು ತಿಳಿಸಿರಲಿಲ್ಲ. ಮುಪ್ಪಿನ ಜೀವ, ತಡೆಯಲಾರದು ಎಂದು. ಅಪ್ಪುವನ್ನು ನೋಡಬೇಕು, ಬರಹೇಳಿ ಎಂದು ಅವರು ಕೇಳುವ ವೀಡಿಯೊಗಳು ಮಾತ್ರ ನಾಡಿನಲ್ಲೆಲ್ಲ ಹರಿದಾಡಿದವು. ತಿಳಿಯದಿದ್ದವರು ಅವರೊಬ್ಬರೇ, ನೋಡುವವರೆಲ್ಲ ಬಲ್ಲವರು. 2025ರ ಆಗಸ್ಟ್ 1ರಂದು ಅವರು ತೀರಿಕೊಂಡರು. ಮನೆಯವರ ಮೇಲೆ ತಪ್ಪು ಹೊರಿಸುವ ಮಾತು ಇದಲ್ಲ, ಅವರು ಮಾಡಿದ್ದು ಪ್ರೀತಿಯಿಂದ. ಕ್ಯಾಮೆರಾ ಹಿಡಿದು ಹೋಗುವವರಿಗೆ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ: ಎದುರು ಕೂತವರಿಗೆ ತಮ್ಮ ಮಾತು ಯಾಕೆ ಜನರನ್ನು ಅಳಿಸುತ್ತಿದೆ ಎಂದು ಗೊತ್ತಿಲ್ಲದಿರುವಾಗ, ಅವರು ಕೊಟ್ಟ ಒಪ್ಪಿಗೆ ಯಾವುದಕ್ಕೆ?

ವೀಡಿಯೊ ಬಿಟ್ಟು ಇನ್ನೊಂದು ದುಡಿಮೆ ಸದ್ದಿಲ್ಲದೆ ಬೆಳೆಯುತ್ತಿದೆ, ಅದು ಮಾತಿನ ಕೂಲಿ. ಮಾತು ಕೇಳಿ ಬರೆಯುವ, ಬರೆದದ್ದು ಓದುವ ಯಂತ್ರಗಳಿಗೆ ಸಾವಿರಾರು ಗಂಟೆ ಜನರ ದನಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ನಡೆಸುತ್ತಿರುವ ‘ವಾಣಿ’ ಯೋಜನೆಯ ಗುರಿ ದೇಶದ 773 ಜಿಲ್ಲೆಗಳ ಸುಮಾರು ಹತ್ತು ಲಕ್ಷ ಜನರಿಂದ ಒಂದೂವರೆ ಲಕ್ಷ ಗಂಟೆಯ ಮಾತು. ಚಿತ್ರ ತೋರಿಸುತ್ತಾರೆ, ಕಂಡದ್ದನ್ನು ನಿಮ್ಮ ಮಾತಲ್ಲಿ ಹೇಳಿ ಅನ್ನುತ್ತಾರೆ. 2021ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕಾರ್ಯ’ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳ ಜನರಿಂದ ಮೊಬೈಲಿನಲ್ಲಿ ಕನ್ನಡ ಓದಿಸಿ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತದೆಂದು 2023ರಲ್ಲಿ ‘ಟೈಮ್’ ಪತ್ರಿಕೆ ಬರೆಯಿತು. ಆ ದನಿ ಮತ್ತೆ ಮಾರಾಟವಾದರೆ ರಾಯಧನ ಕೊಡುವುದೂ ಅದರ ಪದ್ಧತಿ. ನಾನು ಕಂಡಂತೆ ಈ ಕ್ಷೇತ್ರದಲ್ಲಿ ರಾಯಧನದ ಮಾತಾಡಿದವರು ವಿರಳ.

ಈ ಕೆಲಸಕ್ಕೆ ಮುದುಕರೇ ಹೇಳಿಮಾಡಿಸಿದವರು. ‘ಮನೆಗೆ’ ಎಂಬುದು ‘ಮನಗ’ ಆಗುವ, ‘ಇದೆ’ ಎಂಬುದು ‘ಅದ’ ಆಗುವ ಗುಂಡ್ಲುಪೇಟೆ, ನಂಜನಗೂಡು ಸೀಮೆಯ ನುಡಿ ಶಾಲೆ ಕಲಿತ ಹುಡುಗರ ಬಾಯಲ್ಲಿ ಸವೆಯುತ್ತಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಈ ನುಡಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಆದರೂ ಬ್ಯಾಂಕಿನ, ಆಸ್ಪತ್ರೆಯ ಧ್ವನಿಯಂತ್ರಕ್ಕೆ ಅಜ್ಜಿ ಹೇಳಿದ್ದು ತಿಳಿಯುವುದಿಲ್ಲ. ತೊಡಕು ಎಲ್ಲಿದೆಯೆಂದರೆ, ಮೊಬೈಲಿನ ಪರದೆಯ ಮೇಲಿನ ವಾಕ್ಯ ಓದಿ ಧ್ವನಿ ಕೊಡುವ ಕೆಲಸ ಓದು ಬಂದವರಿಗೇ. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಶೇ 61.43, ರಾಜ್ಯದ್ದು ಶೇ 75.36. ಅಕ್ಷರ ಬಾರದವರಲ್ಲಿ ಹೆಚ್ಚಿನವರು ಹಿರಿಯ ಹೆಂಗಸರು. ಚಿತ್ರ ನೋಡಿ ಹೇಳಿ ಎನ್ನುವ ಬಗೆ ಅವರಿಗೆ ಒಗ್ಗುತ್ತದೆ. ಓದಿ ಹೇಳಿ ಎನ್ನುವ ಬಗೆ ಅವರನ್ನು ಹೊರಗೆ ನಿಲ್ಲಿಸಿ, ಅವರ ನುಡಿಯನ್ನೂ ಹೊರಗೇ ನಿಲ್ಲಿಸುತ್ತದೆ.

ಮುದುಕರು ಕಲಿಯಲಾರರು ಎಂಬ ಮಾತಿಗೆ ಉತ್ತರ ಗಡಿಯಾಚೆಯೇ ಇದೆ. ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ಕೇರಳ 2025ರ ಆಗಸ್ಟಿನಲ್ಲಿ ತನ್ನನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಿಕೊಂಡಿತು. ಮೊಬೈಲ್ ಬಳಸಲು ಬಾರದ 21 ಲಕ್ಷಕ್ಕೂ ಹೆಚ್ಚು ಜನರನ್ನು ಹುಡುಕಿ ಕಲಿಸಿದ ಲೆಕ್ಕ ಅದರದು. ಕಲಿತವರಲ್ಲಿ ನೂರು ದಾಟಿದ ಅಬ್ದುಲ್ಲಾ ಮೌಲವಿ ಕೂಡ ಇದ್ದರು. ಸರ್ಕಾರಿ ಘೋಷಣೆಗಳನ್ನು ಸ್ವಲ್ಪ ಸೋಸಿಯೇ ಕುಡಿಯಬೇಕು, ನಿಜ. ಆದರೂ ಸ್ವಯಂಸೇವಕರು ಉದ್ಯೋಗ ಖಾತ್ರಿ ಕೆಲಸದ ಜಾಗಕ್ಕೇ ಹೋಗಿ ಕಲಿಸಿದ ಕ್ರಮ ನಮಗೂ ಬೇಕಾದದ್ದು. ನಮ್ಮ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ, ಕಂಪ್ಯೂಟರ್ ಬಂದಿವೆ. ಮಕ್ಕಳು, ಪರೀಕ್ಷೆಗೆ ಓದುವ ಹುಡುಗರು ತುಂಬಿರುತ್ತಾರೆ. ಮುದುಕರಿಗೆಂದು ವಾರಕ್ಕೊಂದು ಮಧ್ಯಾಹ್ನ ಬಿಟ್ಟುಕೊಟ್ಟರೆ ಖರ್ಚೇನೂ ಇಲ್ಲ. ಕಲಿಸಬೇಕಾದ್ದು ವೀಡಿಯೊ ನೋಡುವುದನ್ನಲ್ಲ, ಅದು ಬರುತ್ತದೆ. ಚಾನೆಲ್ಲಿನ ಗಳಿಕೆಯ ಪುಟ ಎಲ್ಲಿದೆ, ಒಟಿಪಿ ಯಾರ ಫೋನಿಗೆ ಬರುತ್ತದೆ, ಒಂದು ಚಾನೆಲ್ಲಿಗೆ ಇಬ್ಬರು ಮಾಲೀಕರು ಇರಬಹುದು ಎಂಬುದನ್ನು.

ಮಕ್ಕಳ ವಿಷಯದಲ್ಲಿ ಜಗತ್ತು ಎಚ್ಚೆತ್ತಿದೆ. ಫ್ರಾನ್ಸ್ 2020ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯ 2024ರಿಂದ, ಮನೆಯವರ ವೀಡಿಯೊಗಳಲ್ಲಿ ಕಾಣಿಸಿಕೊಳ್ಳುವ ಮಕ್ಕಳ ಪಾಲಿನ ಹಣ ಎತ್ತಿಡಬೇಕೆಂದು ಕಾನೂನು ಮಾಡಿದವು. ಮುದುಕರಿಗೆ ಅಂಥದ್ದು ಎಲ್ಲೂ ಕಂಡಿಲ್ಲ. ವಯಸ್ಕರು, ತಮ್ಮ ಹಿತ ತಾವು ಬಲ್ಲರು ಎಂಬ ಊಹೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಕಾಯ್ದೆ ತಂದಿತು. ಅದು ಮುಖ್ಯವಾಗಿ ಊಟ ತಲುಪಿಸುವ, ಕಾರು ಓಡಿಸುವ ಹುಡುಗರನ್ನು ಕಣ್ಣಲ್ಲಿಟ್ಟುಕೊಂಡದ್ದು. ಒಲೆ ಮುಂದೆ ಕೂತ ಅಜ್ಜಿ ಯಾವ ಆ್ಯಪಿಗೂ ಲಾಗಿನ್ ಆದವಳಲ್ಲ, ಆದ್ದರಿಂದ ಅಲ್ಲಿ ಅವಳು ಕಾರ್ಮಿಕಳೂ ಅಲ್ಲ.

ಕೈಯಲ್ಲಿರುವ ಹತಾರ ಬೇರೊಂದು, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಜನ ಇದನ್ನು ಜಮೀನು, ಮನೆ ಬರೆಸಿಕೊಂಡು ಕೈಬಿಟ್ಟ ಮಕ್ಕಳ ಕಾಯ್ದೆ ಎಂದಷ್ಟೇ ಬಲ್ಲರು. ಅದರ 2ನೇ ಕಲಮು ಆಸ್ತಿ ಎಂದರೇನೆಂದು ಹೇಳುವಾಗ ಸ್ಥಿರ, ಚರ, ಪಿತ್ರಾರ್ಜಿತ, ಸ್ವಯಾರ್ಜಿತದ ಜೊತೆಗೆ ಕಣ್ಣಿಗೆ ಕಾಣುವ, ಕಾಣದ ಎರಡೂ ಬಗೆಯದನ್ನು, ಅವುಗಳಲ್ಲಿನ ಹಕ್ಕುಗಳನ್ನು ಸೇರಿಸುತ್ತದೆ. 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ವಾಪಸು ಕೇಳಬಹುದು. ಲಕ್ಷ ಚಂದಾದಾರರ ಚಾನೆಲು ಕಣ್ಣಿಗೆ ಕಾಣದ ಆಸ್ತಿಯಲ್ಲದೆ ಮತ್ತೇನು? ಷರತ್ತು ಬರೆದಿರಬೇಕು, ಕೊಟ್ಟದ್ದಕ್ಕೆ ದಾಖಲೆ ಇರಬೇಕು ಎಂಬ ತಕರಾರು ಬಂದೇ ಬರುತ್ತದೆ. ಹಾಗಾಗಿ ಮೊದಲ ವೀಡಿಯೊ ಏರಿಸುವ ಮುಂಚೆಯೇ ಒಂದು ಬಿಳಿ ಹಾಳೆಯಲ್ಲಿ ಚಾನೆಲ್ ಯಾರದು, ಪಾಲೆಷ್ಟು, ಒಲೆ ಮುಂದೆ ಕೂರಲಾಗದ ದಿನ ಬಂದರೆ ಏನು ಎಂದು ಬರೆದು ಇಬ್ಬರೂ ಸಹಿ ಮಾಡಬೇಕು. ಅಜ್ಜಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟು, ಜೊತೆಗೆ ಇಬ್ಬರು ಸಾಕ್ಷಿ. ಭೀಮನಬೀಡಿನವರು ಅದನ್ನು ಹಿಡಿದು ಹೋಗಬೇಕಾದ ನ್ಯಾಯಮಂಡಳಿ ಕೊಳ್ಳೇಗಾಲದ ಉಪವಿಭಾಗಾಧಿಕಾರಿ ಕಚೇರಿಯಲ್ಲಿದೆ. ಅಲ್ಲಿ ವಕೀಲರು ಬೇಕಿಲ್ಲ.